ಬಾಟಲಿಯಲ್ಲಿ ಇಲ್ಲದ್ದೇ ಕಾಯಿಲೆ

ನಾವು ಉಣ್ಣುವ ಅನ್ನದಲ್ಲಿ ಏನೇನಿದೆ ಎಂಬ ಎಷ್ಟೋ ಸಂಗತಿ ವೈದ್ಯರಿಗೆ ತಿಳಿದದ್ದು ಬಾಯಿಂದ ಏನನ್ನೂ ಉಣ್ಣಲಾಗದ ರೋಗಿಗಳಿಂದ.

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಎಂಬ ಯುವ ಶಸ್ತ್ರವೈದ್ಯರು ಬೀಗಲ್ ನಾಯಿಮರಿಗಳಿಗೆ ಆಹಾರವನ್ನೆಲ್ಲ ರಕ್ತನಾಳದ ಮೂಲಕವೇ ಕೊಟ್ಟು ಬೆಳೆಸಿದರು. 1967ರಲ್ಲಿ ಸಣ್ಣ ಕರುಳು ಬಹುತೇಕ ಇಲ್ಲದ ಹಸುಳೆಯೊಂದಕ್ಕೂ ಹೀಗೆಯೇ ಪೋಷಣೆ ನೀಡಲಾಯಿತು. ಮಗುವಿನ ತೂಕ ಏರಿತು.

ಗ್ಲೂಕೋಸ್ ಹಾಕುವುದು ಆಗಲೇ ರೂಢಿಯಲ್ಲಿತ್ತಲ್ಲ ಎನ್ನಬಹುದು. ಆದರೆ ಕೈಗೆ ಹಾಕುವ ಶೇ 5ರ ಗ್ಲೂಕೋಸಿನ ಒಂದು ಲೀಟರಿನಲ್ಲಿ 200 ಕ್ಯಾಲೊರಿಗಿಂತ ಹೆಚ್ಚಿಲ್ಲ. ದೇಹಕ್ಕೆ ಸಾಲುವಷ್ಟು ಗಟ್ಟಿಯಾದ ದ್ರಾವಣ ಕೊಟ್ಟರೆ ಸಣ್ಣ ರಕ್ತನಾಳ ಊದಿಕೊಂಡು ಮುಚ್ಚಿಹೋಗುತ್ತದೆ. ಆದ್ದರಿಂದ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಹೃದಯದ ಸಮೀಪದ ದೊಡ್ಡ ಅಭಿಧಮನಿಯವರೆಗೆ ತೂರಿಸಬೇಕಾಯಿತು. ಅಲ್ಲಿ ರಕ್ತದ ಹರಿವು ರಭಸ. ದ್ರಾವಣ ಕ್ಷಣದಲ್ಲಿ ತೆಳುವಾಗುತ್ತದೆ.

ಅಪಾಯವೂ ಅಲ್ಲಿಯೇ. ಸೋಂಕು ಎಲ್ಲರಿಗೂ ಗೊತ್ತಿರುವ ತೊಡಕು. ತೀರಾ ಅಪರೂಪಕ್ಕೆ ಕೊಳವೆಯ ತುದಿ ಹೃದಯದ ಗೋಡೆಯನ್ನೇ ಕೊರೆಯುವುದುಂಟು. ಆಗ ಪೋಷಣೆಯ ದ್ರಾವಣ ಹೃದಯದ ಸುತ್ತಲ ಚೀಲದಲ್ಲಿ ತುಂಬಿ ಹೃದಯವನ್ನು ಅದುಮುತ್ತದೆ. ಕೂಡಲೇ ತೆಗೆಯದಿದ್ದರೆ ಜೀವ ಉಳಿಯದು.

ಇವು ಕೊಳವೆಯಿಂದ ಬಂದ ತೊಂದರೆಗಳು. ಇನ್ನು ಕೆಲವು, ಬಾಟಲಿಯಲ್ಲಿ ಇಲ್ಲದ್ದರಿಂದ ಬಂದವು. ಸೊಪ್ಪು, ಬೇಳೆ ತಿನ್ನುವವರಿಗೆ ತಿಳಿಯದೆಯೇ ದೊರೆಯುವ ಲೋಹಾಂಶಗಳು ಆ ಶುದ್ಧ ದ್ರಾವಣದಲ್ಲಿ ಸಾಕಷ್ಟು ಇರಲಿಲ್ಲ. ಕೆಲವು ರೋಗಿಗಳಿಗೆ ಬಾಯಿಯ ಸುತ್ತ ಹುಣ್ಣು, ಭೇದಿ, ಮಂಕು, ಕೂದಲೂ ಉದುರಿತು. ಇದು ಸತುವಿನ ಕೊರತೆಯೆಂದು 1975ರಲ್ಲಿ ನ್ಯೂಜಿಲೆಂಡಿನ ವೈದ್ಯರು ವರದಿ ಮಾಡಿದರು. 1977ರಲ್ಲಿ ಟೊರಾಂಟೊದಿಂದ ಮತ್ತೊಂದು ವರದಿ: ಮೂರು ವರ್ಷಕ್ಕೂ ಮೇಲ್ಪಟ್ಟು ಹೀಗೆ ಪೋಷಣೆ ಪಡೆದ ಮಹಿಳೆಗೆ ಸಕ್ಕರೆ ಕಾಯಿಲೆಯ ಲಕ್ಷಣ. ಇನ್ಸುಲಿನ್‌ಗೆ ಬಗ್ಗದ್ದು ಕ್ರೋಮಿಯಂಗೆ ಬಗ್ಗಿತು. (ಕ್ರೋಮಿಯಂ ದೇಹಕ್ಕೆ ನಿಜಕ್ಕೂ ಅತ್ಯಗತ್ಯವೇ ಎಂಬ ವಾದ ಇನ್ನೂ ಮುಗಿದಿಲ್ಲವೆನ್ನಿ.)

ಅತ್ಯಂತ ಖೇದಕರವಾದದ್ದು ಬಿ1 ಜೀವಸತ್ವದ ಕಥೆ. ಪಾಲಿಶ್ ಅಕ್ಕಿಯನ್ನೇ ಉಂಡವರಿಗೆ ಬರುತ್ತಿದ್ದ ಬೆರಿಬೆರಿಗೆ ಇದರ ಅಭಾವವೇ ಕಾರಣವೆಂದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲೇ ತಿಳಿದಿತ್ತು. ಬಿ1 ಇಲ್ಲದೆ ಸಕ್ಕರೆ ಪೂರ್ತಿ ಉರಿಯದು, ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ಶೇಖರವಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅಮೆರಿಕದಲ್ಲಿ ಬಿ1 ಸೇರಿಸದ ದ್ರಾವಣ ಪಡೆದ ಮೂವರು ಸತ್ತರೆಂದು 1989ರಲ್ಲಿ ವರದಿಯಾಯಿತು. 1997ರಲ್ಲಿ ಅಲ್ಲಿ ಚುಚ್ಚುಮದ್ದಿನ ಜೀವಸತ್ವಗಳಿಗೆ ದೇಶವ್ಯಾಪಿ ಅಭಾವ ತಲೆದೋರಿದಾಗ ಅದೇ ತೊಂದರೆ ಮತ್ತೆ ಕಾಣಿಸಿತು. ಅದಕ್ಕೆ ಮದ್ದು, ಬಿ1ರ ಒಂದು ಇಂಜೆಕ್ಷನ್.