ಮಕ್ಕಳ ಮೈಬಣ್ಣ ಮತ್ತು ಪಾದರಸ

ಗೋಕಾಕ-ಮೂಡಲಗಿ ಸೀಮೆಯ ನಾಗನೂರದಂಥ ಊರುಗಳಲ್ಲಿ ಎಣ್ಣೆ ಹಚ್ಚಿ, ಅರಿಷಿಣ ಬೆರೆತ ಕಡಲೆಹಿಟ್ಟಿನಿಂದ ಮಕ್ಕಳ ಮೈ ತಿಕ್ಕಿ ಎರೆಯುತ್ತಿದ್ದ ತಾಯಂದಿರಿಗೆ ತಮ್ಮ ಕೈಯಲ್ಲಿರುವ ಪದಾರ್ಥ ಯಾವುದೆಂಬುದು ತಿಳಿದಿತ್ತು. ಹಳೆಯದೆಲ್ಲವೂ ನಿರಪಾಯವಾಗಿತ್ತೆಂದು ಇದರ ಅರ್ಥವಲ್ಲ. ಸೀಸದ ಅದಿರಿನಿಂದ ಮಾಡಿದ ಸುರಮಾ ನಾಡಿನ ಹಲವೆಡೆ ಎಳೆಯರ ಕಣ್ಣಿಗೆ ಬೀಳುತ್ತಿತ್ತು. ಸೀಸವು ಬೆಳೆಯುವ ಮಿದುಳಿಗೆ ಹಾನಿಕರ.

1918ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನು ಸ್ಥಾಪಿಸಿತು. ಅಂಗಡಿಯ ಸಾಬೂನು ಮನೆಮನೆಗೆ ಬಂದಂತೆ ಅದರಲ್ಲಿ ಪ್ರಾಣಿಗಳ ಕೊಬ್ಬು ಸೇರಿದೆಯೇ ಎಂದು ಶ್ರಾವಕರು ವಿಚಾರಿಸುವುದು ಸಹಜವೇ ಆಗಿತ್ತು. ಬಳಸುವ ಮಗುವಿಗೇ ಅದರಿಂದ ಹಿಂಸೆಯಾದೀತೇ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಗಲಿಲ್ಲ.

ಆ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟದ್ದು 1972ರ ದುರಂತ. ಫ್ರಾನ್ಸಿನಲ್ಲಿ ಶಿಶುಗಳಿಗೆ ಬಳಸುವ ಪೌಡರಿನಲ್ಲಿ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕವು ತಯಾರಿಕೆಯ ತಪ್ಪಿನಿಂದ ಶೇಕಡಾ 6ರಷ್ಟು ಬೆರೆತು, 36 ಮಕ್ಕಳು ಅಸುನೀಗಿದರು. ವಿಷವನ್ನು ಯಾರೂ ಕುಡಿಸಿರಲಿಲ್ಲ. ಅದು ಚರ್ಮದ ಮೂಲಕವೇ ಒಳಸೇರಿತ್ತು. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ದೊಡ್ಡವರು ತಾಳಿಕೊಳ್ಳುವ ಲೇಪನವನ್ನು ಮಗುವೂ ತಾಳೀತೆಂದು ಭಾವಿಸುವಂತಿಲ್ಲ.

ನಮ್ಮ ದೇಶದಲ್ಲಿ 1940ರ ಔಷಧ ಕಾನೂನಿನೊಳಗೆ ಪ್ರಸಾಧನ ವಸ್ತುಗಳು ಸೇರಿದ್ದು 1962ರ ತಿದ್ದುಪಡಿಯಿಂದ. ಮುಂದೆ ಬಣ್ಣಕ್ಕಾಗಿ ಸೀಸ ಮತ್ತು ಶಂಖಪಾಷಾಣದ ಸಂಯುಕ್ತಗಳನ್ನು ಬಳಸುವುದು ನಿಷಿದ್ಧವಾಯಿತು. ಪಾದರಸಕ್ಕೂ ಕಡಿವಾಣ ಬಿದ್ದಿತು. 2014ರಲ್ಲಿ ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ ನಿಷೇಧಿಸಲಾಯಿತು. ಮೂಕಜೀವಿಗಳ ಪಾಲಿಗೆ ಅದು ಸಣ್ಣ ಬಿಡುಗಡೆಯೇನಲ್ಲ.

ಆದರೆ ಕಾನೂನಿಗಿಂತ ಬಿಳಿಬಣ್ಣದ ಮೋಹವೇ ಬಲವಾದುದು. ಪಾದರಸವು ಚರ್ಮದಲ್ಲಿ ವರ್ಣದ್ರವ್ಯದ ಉತ್ಪತ್ತಿಯನ್ನು ತಡೆಯುತ್ತದೆ. ಮುಖ ಬೆಳ್ಳಗಾಗುವುದು ಆ ಕಾರಣದಿಂದ. ಅದೇ ಪಾದರಸ ರಕ್ತದೊಡನೆ ಮೂತ್ರಪಿಂಡಕ್ಕೂ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು ಅಪರೂಪದ ಮೂತ್ರಪಿಂಡದ ಕಾಯಿಲೆಯ ಮೂಲವನ್ನು ಹುಡುಕುತ್ತ ಹೋದಾಗ, ರೋಗಿಗಳಲ್ಲಿ ಹೆಚ್ಚಿನವರು ಬಿಳಿಯಾಗಿಸುವ ಕ್ರೀಮು ಹಚ್ಚುತ್ತಿದ್ದರೆಂಬುದು ಬೆಳಕಿಗೆ ಬಂದಿತು. ಮೊದಲು ಗಮನಕ್ಕೆ ಬಂದವರಲ್ಲಿ 14 ವರ್ಷದ ಬಾಲಕಿಯೊಬ್ಬಳಿದ್ದಳು. ಶಾಲೆಗೆ ಹೋಗುವ ಹುಡುಗಿಗೆ ತನ್ನ ಬಣ್ಣ ಸಾಲದೆಂದು ಅನ್ನಿಸುವಂತೆ ಮಾಡಿದವರ ಹೊಣೆಯನ್ನು ಯಾವ ಪ್ರಯೋಗಾಲಯವೂ ಅಳೆಯಲಾರದು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆಯು ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೆ ತೊಡಗಿತು.

ಈಗ ಸುಕ್ಕು ಹೋಗಲಾಡಿಸುವ ರೆಟಿನಾಲ್ ಮತ್ತು ಆಮ್ಲಯುಕ್ತ ಲೇಪನಗಳೂ ಹತ್ತು-ಹನ್ನೆರಡರ ಮಕ್ಕಳ ಕೈಸೇರಿವೆ. ಸುಕ್ಕೇ ಇಲ್ಲದ ಮುಖಕ್ಕೆ ಅವು ಕೊಡುವುದು ಉರಿ, ಕೆಂಪು, ಬಿಸಿಲಿನ ಬಾಧೆ. 2024ರಲ್ಲಿ ಸ್ವೀಡನ್ನಿನ ಔಷಧ ಅಂಗಡಿಗಳ ಒಂದು ಸಮೂಹವು 15 ವರ್ಷದೊಳಗಿನವರಿಗೆ ಇಂಥವನ್ನು ಮಾರುವುದನ್ನು ನಿರ್ಬಂಧಿಸಿತು.

ಭಾರತದ 2020ರ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಚೀಟಿಯ ಮೇಲಿರಬೇಕು. ಸಂತೆಯಲ್ಲಿ ಕೊಂಡ ಡಬ್ಬಿಯ ಮೇಲೆ ಇವು ಕಾಣದಿದ್ದರೆ ಅದನ್ನು ಮಗುವಿನ ಕೈಗೆ ಕೊಡುವ ಮಾತೇ ಇಲ್ಲ.