ಉಪಕರಣವೂ ಅಧಿಕರಣವೂ: ಗಲಭೆಯ ಬೀದಿಗೆ ಬಂದ ಮನೆಯ ಸಾಮಾನು

2014ರ ಸೆಪ್ಟೆಂಬರ್ 28, ಭಾನುವಾರ. ಹಾಂಗ್‌ಕಾಂಗ್ ನಗರದ ಅಡ್ಮಿರಾಲ್ಟಿ ಭಾಗದಲ್ಲಿ, ಸರಕಾರದ ಕಚೇರಿಗಳಿಗೆ ಹೊಂದಿಕೊಂಡ ಹೆದ್ದಾರಿಯಲ್ಲಿ ಸಹಸ್ರಾರು ಜನ ನೆರೆದಿದ್ದರು. ತಮ್ಮ ಆಡಳಿತದ ಮುಖ್ಯಸ್ಥರನ್ನು ತಾವೇ ಮುಕ್ತವಾಗಿ ಆರಿಸುವ ಹಕ್ಕು ಬೇಕೆಂಬುದು ಅವರ ಬೇಡಿಕೆ. ಪೊಲೀಸರು ಮೊದಲು ಮೆಣಸಿನ ದ್ರಾವಣವನ್ನು ಎರಚಿದರು. ಸಂಜೆಯ ಹೊತ್ತಿಗೆ ಅಶ್ರುವಾಯುವಿನ ಪ್ರಯೋಗ ಆರಂಭವಾಯಿತು. ಆ ದಿನ ಒಟ್ಟು 87 ಸಿಡಿಗುಂಡುಗಳು ಹಾರಿದವು. ಜನರ ಕೈಯಲ್ಲಿ ಗುರಾಣಿಗಳಿರಲಿಲ್ಲ, ಕೊಡೆಗಳಿದ್ದವು. ಬಿಸಿಲು ಮಳೆಗಳೆರಡೂ ತೀವ್ರವಾಗಿರುವ ಆ ಊರಿನಲ್ಲಿ ಕೊಡೆಯಿಲ್ಲದೆ ಮನೆ ಬಿಡುವವರು ವಿರಳ. ಅವೇ ಕೊಡೆಗಳು ಮುಂದಕ್ಕೆ ಬಾಗಿ ಬಿಚ್ಚಿಕೊಂಡವು. ಮುಂದೆ 79 ದಿನ ನಡೆದ ಆ ಚಳವಳಿಗೆ ಜಗತ್ತು ಕೊಡೆಯ ಹೆಸರನ್ನೇ ಇಟ್ಟಿತು.

ಜಿನಬಿಂಬದ ಮೇಲೆ ಮುಕ್ಕೊಡೆಯನ್ನು ನೋಡಿ ಕೈಮುಗಿಯುವ ಜನಕ್ಕೆ ಕೊಡೆಯ ಗೌರವವನ್ನು ಬೇರೆ ಹೇಳಬೇಕಿಲ್ಲ. ಆದರೆ ಇಲ್ಲಿ ವಿಚಾರಣೀಯವಾದುದು ಮತ್ತೊಂದು. ನಿತ್ಯದ ಗೃಹಕೃತ್ಯಕ್ಕೆಂದು ಮಾಡಿದ ವಸ್ತುವೊಂದು ಕಲಹದ ನಡುವೆ ದೇಹರಕ್ಷಣೆಗೆ ಒದಗಿದಾಗ ಅದು ಉಪಕರಣವಾಗಿಯೇ ಉಳಿಯುತ್ತದೆಯೆ, ಅಥವಾ ಅಧಿಕರಣವಾಗುತ್ತದೆಯೆ?

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಆ ದಿನ ಹಾಂಗ್‌ಕಾಂಗ್‌ನ ಯುವಕ ಯುವತಿಯರು ತಂದಿದ್ದ ಸಾಮಾನು ಅಡುಗೆಮನೆಯದು, ಸ್ನಾನದ ಮನೆಯದು. ಆಹಾರವನ್ನು ಸುತ್ತಿಡುವ ತೆಳು ಪಾರದರ್ಶಕ ಹಾಳೆಯನ್ನು ಮುಂಗೈಗೂ ಕಣ್ಣಿನ ಸುತ್ತಲೂ ಸುತ್ತಿಕೊಂಡಿದ್ದರು. ಈಜುವಾಗ ಧರಿಸುವ ಕನ್ನಡಕ, ಮಳೆಯಂಗಿ, ಒದ್ದೆ ವಸ್ತ್ರ, ಇವಲ್ಲದೆ ಮುಖಗವಸು. ಮುಖಗವಸು ಮನೆಮನೆಯಲ್ಲಿ ಇದ್ದುದಕ್ಕೆ ಕಾರಣವಿತ್ತು: 2003ರ ಸಾರ್ಸ್ ವ್ಯಾಧಿಯಲ್ಲಿ ಆ ಒಂದೇ ನಗರದಲ್ಲಿ 299 ಜನ ಅಸುನೀಗಿದ್ದರು. ಸ್ಥಾನಕವಾಸಿ ಸಾಧುಗಳ ಮುಖವಸ್ತ್ರಿಕೆ ತನ್ನ ಉಸಿರಿನಿಂದ ವಾಯುಕಾಯಿಕ ಜೀವಗಳಿಗೆ ಪೀಡೆಯಾಗದಿರಲೆಂದು ಇರುವುದು. ಈ ಗವಸು ಹೊರಗಿನ ಪೀಡೆಯಿಂದ ತನ್ನ ಉಸಿರನ್ನು ಉಳಿಸಿಕೊಳ್ಳಲೆಂದು. ವಸ್ತ್ರ ಒಂದೇ, ರಕ್ಷಣೆಯ ದಿಕ್ಕು ಬೇರೆ.

ಈ ಸಾಮಾನುಗಳಿಂದ ಪ್ರಯೋಜನವಾಯಿತೆ ಎಂದರೆ, ಸ್ವಲ್ಪಮಟ್ಟಿಗೆ. ಮೆಣಸಿನ ದ್ರಾವಣ ನೇರವಾಗಿ ಬರುವ ದ್ರವ. ಅದನ್ನು ಕೊಡೆ ತಡೆಯಬಲ್ಲುದು. ಅಶ್ರುವಾಯುವಿನ ಮಾತು ಹಾಗಲ್ಲ. ಹೆಸರಿಗೆ ವಾಯುವಾದರೂ ಅದು ಅತಿ ಸೂಕ್ಷ್ಮವಾದ ಘನಪದಾರ್ಥದ ಕಣಗಳ ಮೋಡ. ಕೊಡೆಯ ಅಂಚನ್ನು ಬಳಸಿಕೊಂಡು ಒಳಬರುತ್ತದೆ, ಸಾಮಾನ್ಯ ಗವಸಿನ ಪಕ್ಕದಿಂದ ನುಸುಳುತ್ತದೆ. ಬಿಗಿಯಾಗಿ ಕೂಡುವ ಕನ್ನಡಕ ಕಣ್ಣನ್ನು ಕಾಯಬಹುದು, ಶ್ವಾಸವನ್ನು ಕಾಯದು. ಆಗ ಉಳಿಯುವ ಉಪಾಯ ಆ ಸ್ಥಳವನ್ನು ಬಿಟ್ಟು ಶುದ್ಧಗಾಳಿಗೆ ಬರುವುದು, ಧಾರಾಳ ನೀರಿನಿಂದ ತೊಳೆಯುವುದು. 1993ರ ರಾಸಾಯನಿಕ ಅಸ್ತ್ರಗಳ ಅಂತರರಾಷ್ಟ್ರೀಯ ಒಪ್ಪಂದವು ಇಂಥ ಪದಾರ್ಥವನ್ನು ಯುದ್ಧದಲ್ಲಿ ಪ್ರಯೋಗಿಸಬಾರದೆಂದು ನಿಷೇಧಿಸಿ, ಸ್ವದೇಶದ ಪ್ರಜೆಗಳ ಗಲಭೆಯನ್ನು ಅಡಗಿಸಲು ಮಾತ್ರ ಅವಕಾಶವಿತ್ತಿದೆ. ಶತ್ರುವಿಗೆ ಸಲ್ಲದ್ದು ಸ್ವಜನಕ್ಕೆ ಸಲ್ಲುತ್ತದೆಂಬ ಈ ಏರ್ಪಾಟು ವಿಚಿತ್ರವೇ ಸರಿ.

ಜೈನಶಾಸ್ತ್ರ ವಸ್ತುಗಳನ್ನು ನೋಡುವ ಕ್ರಮ ಇಲ್ಲಿ ನೆರವಾಗುತ್ತದೆ. ಮುನಿಗಳ ಪಿಂಛಿ ಸಂಯಮೋಪಕರಣ, ಕಮಂಡಲು ಶೌಚೋಪಕರಣ, ಶಾಸ್ತ್ರ ಜ್ಞಾನೋಪಕರಣ. ಸಂಯಮಕ್ಕೆ ಸಹಾಯವಾದುದು ಉಪಕರಣ. ಆಸ್ರವಕ್ಕೆ ಆಧಾರವಾದುದು ಅಧಿಕರಣ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಧಿಕರಣವನ್ನು ಜೀವ, ಅಜೀವ ಎಂದು ಎರಡಾಗಿ ವಿಭಾಗಿಸಿ, ಅಜೀವಾಧಿಕರಣದಲ್ಲಿ ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗ ಎಂಬ ನಾಲ್ಕು ಭೇದಗಳನ್ನು ಹೇಳುತ್ತದೆ. ಎಂದರೆ ವಸ್ತುವನ್ನು ನಿರ್ಮಿಸುವುದು, ಇರಿಸುವುದು, ಒಂದನ್ನೊಂದರೊಡನೆ ಕೂಡಿಸುವುದು, ಪ್ರವರ್ತಿಸುವುದು. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯು ಸಂಯೋಗದಲ್ಲಿ ಮತ್ತೆರಡು ಬಗೆಯನ್ನು ಕಾಣಿಸುತ್ತದೆ: ಅನ್ನಪಾನಗಳ ಸಂಯೋಗ ಮತ್ತು ಉಪಕರಣಗಳ ಸಂಯೋಗ. ಉಪಕರಣವೇ ಆದರೂ ಕೂಡಿಸುವ ರೀತಿಯಿಂದ ಅಧಿಕರಣವಾಗಬಹುದೆಂಬುದು ಇದರ ಅಭಿಪ್ರಾಯ. ಪಾಠಶಾಲೆಯಲ್ಲಿ ಕಂಠಪಾಠ ಮಾಡಿ ಮುಂದೆ ಸಾಗಿಬಿಡುವ ಈ ಭೇದಗಳಿಗೆ ಇಷ್ಟು ಪ್ರತ್ಯಕ್ಷವಾದ ನಿದರ್ಶನ ದೂರದ ಪಟ್ಟಣವೊಂದರ ಬೀದಿಯಲ್ಲಿ ದೊರೆಯಬಹುದೆಂದು ಯಾರೂ ಭಾವಿಸಿರಲಾರರು.

ಅದೇ 2014ರ ಆದಿಯಲ್ಲಿ ಯುಕ್ರೇನ್ ದೇಶದ ರಾಜಧಾನಿ ಕೀವ್ ನಗರದಲ್ಲಿ ನಡೆದುದು ಇನ್ನೊಂದು ಪ್ರಕರಣ. ಹಿಂದಿನ ನವೆಂಬರಿನಿಂದ ಅಲ್ಲಿನ ಮೈದಾನದಲ್ಲಿ ಸರಕಾರದ ವಿರುದ್ಧ ಜನ ಬೀಡುಬಿಟ್ಟಿದ್ದರು. ಜನವರಿ 16ರಂದು ಸಂಸತ್ತು ಕೈಯೆತ್ತಿಸಿ ಅಂಗೀಕರಿಸಿದ ಕಾನೂನುಗಳು ಸಭೆಗಳಲ್ಲಿ ಶಿರಸ್ತ್ರಾಣ, ಮುಖಗವಸುಗಳನ್ನು ಧರಿಸುವುದನ್ನು ಅಪರಾಧವೆಂದವು. ಮೂರು ದಿನಗಳ ಬಳಿಕ, 19ರ ಭಾನುವಾರ, ಜನರು ಪಾತ್ರೆ, ಬೋಗುಣಿ, ಕಾಳು ತೊಳೆದು ಸೋಸುವ ತೂತಿನ ಬಟ್ಟಲುಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಂದರು. ಕಾನೂನಿನಲ್ಲಿ ಪಾತ್ರೆಯ ಹೆಸರಿರಲಿಲ್ಲ! ಅಡುಗೆಮನೆಯ ಬಟ್ಟಲು ಪೆಟ್ಟನ್ನು ಎಷ್ಟು ತಡೆದೀತು? ಅದು ಕವಚಕ್ಕಿಂತ ಮಿಗಿಲಾಗಿ ಪರಿಹಾಸ. ಯಾರಿಗೂ ನೋವಾಗದೆ ಅನ್ಯಾಯವನ್ನು ನಗೆಗೀಡುಮಾಡಿದ ಆ ದಿನದ ನಡೆ ಮೆಚ್ಚತಕ್ಕದ್ದು. ಆ ಕಾನೂನುಗಳಲ್ಲಿ ಬಹುಭಾಗವನ್ನು ಜನವರಿ 28ರಂದು ಹಿಂದೆಗೆಯಲಾಯಿತು.

ಆದರೆ ಆ ಭಾನುವಾರ ಮುಗಿಯುವ ಮುನ್ನವೇ ಸಮೀಪದ ಹ್ರುಶೆವ್ಸ್ಕಿ ಬೀದಿಯಲ್ಲಿ ಕಲ್ಲು ಬೆಂಕಿಗಳ ಕಾಳಗ ಮೊದಲಾಯಿತು. ಬಟ್ಟಲಿನ ಸ್ಥಾನಕ್ಕೆ ಕಟ್ಟಡ ಕಾರ್ಮಿಕರ ಟೋಪಿ ಬಂತು, ಹಲಗೆ ತಗಡುಗಳು ಗುರಾಣಿಗಳಾದವು. ಫೆಬ್ರವರಿ 20ರ ಬೆಳಿಗ್ಗೆ ಇನ್‌ಸ್ಟಿಟುಟ್ಸ್ಕಾ ಬೀದಿಯ ಏರಿನಲ್ಲಿ ಆ ಗುರಾಣಿಗಳನ್ನು ಹಿಡಿದು ಮುಂದೆ ಸಾಗಿದವರನ್ನು ಬಂದೂಕಿನ ಗುಂಡುಗಳು ಎದುರುಗೊಂಡವು. ಮರದ ಹಲಗೆ ಗುಂಡನ್ನು ತಡೆಯಲಿಲ್ಲ. ಆ ಒಂದೇ ದಿನ ಹತ್ತಾರು ಜನ ಮಡಿದರು. ಆ ಚಳಿಗಾಲದಲ್ಲಿ ತೀರಿಕೊಂಡ ನೂರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿಯವರು ಸ್ವರ್ಗದ ನೂರ್ವರೆಂದು ಸ್ಮರಿಸುತ್ತಾರೆ. ಪೊಲೀಸರಲ್ಲಿಯೂ ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಅವರೂ ಯಾರದೋ ಮನೆಯ ಮಕ್ಕಳು. ಪ್ರಮಾದಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆ ಎನ್ನುತ್ತದೆ ಸೂತ್ರ. ಪ್ರಮಾದವೆಂದರೆ ಕೊಲ್ಲುವವನದು ಮಾತ್ರವೆ? ದುರ್ಬಲವಾದ ಕವಚವನ್ನು ತೊಟ್ಟು ಅದು ಕಾಯುವುದೆಂದು ನಂಬಿ, ಕಿರಿಯರನ್ನು ಮುಂದೆ ಕಳುಹಿಸುವವರಲ್ಲಿಯೂ ಅದು ಇರಲಾರದೆ? ಸತ್ತವರನ್ನು ಹಳಿಯಲು ಈ ಪ್ರಶ್ನೆಯಲ್ಲ. ಬದುಕಿರುವ ಹಿರಿಯರನ್ನು ಕುರಿತು ಇದು.

ಐದು ವರ್ಷಗಳ ಅನಂತರ ಹಾಂಗ್‌ಕಾಂಗ್ ಮತ್ತೆ ಹೊತ್ತಿಕೊಂಡಿತು. ಆರೋಪಿಗಳನ್ನು ಚೀನಾದ ಒಳನಾಡಿಗೆ ಒಪ್ಪಿಸಲು ದಾರಿ ಮಾಡುವ ಮಸೂದೆಯೊಂದರ ವಿರುದ್ಧ 2019ರ ಜೂನ್‌ನಲ್ಲಿ ಜನಸಾಗರವೇ ಬೀದಿಗಿಳಿಯಿತು. ಈ ಸಲ ಸಾಮಾನಿನ ಪಟ್ಟಿ ಬೆಳೆದಿತ್ತು. ಹಳದಿ ಟೋಪಿಗಳು, ಈಜು ಕಲಿಯುವವರ ತೇಲುಹಲಗೆಗಳು, ಕೊಡೆಗಳಂತೂ ಸರಿಯೇ. ಉರಿಯುವ ಅಶ್ರುವಾಯು ಡಬ್ಬಿಯ ಮೇಲೆ ಬಾಣಲೆಯನ್ನೋ ಸಂಚಾರ ಸೂಚಕ ಶಂಕುವನ್ನೋ ಕವುಚಿ ನೀರು ಸುರಿದು ನಂದಿಸುವ ಉಪಾಯವನ್ನು ಕಂಡುಕೊಂಡರು. ಅದರಿಂದ ಯಾರ ಮೈಗೂ ಪೆಟ್ಟಿಲ್ಲ. ಹೊಗೆಯಿಂದ ಪಕ್ಕದ ಮನೆಗಳ ವೃದ್ಧರಿಗೂ ಮಕ್ಕಳಿಗೂ ಬಿಡುಗಡೆ. ಆದರೆ ಅದೇ ಬೀದಿಗಳಲ್ಲಿ ಪಾನೀಯದ ಶೀಷೆ, ವಾಹನದ ಇಂಧನ, ಹಳೆಯ ಬಟ್ಟೆ ಈ ಮೂರೂ ಕೂಡಿ ಅಗ್ನಿಬಾಣಗಳಾದವು. ಮೂರೂ ಬೇರೆ ಬೇರೆಯಾಗಿದ್ದಾಗ ನಿರ್ದೋಷ. ಉಪಕರಣಸಂಯೋಗವೆಂದರೆ ಇದೇ. ಸಾಲುಗಟ್ಟಿದ ಕೊಡೆಗಳೂ ಈಗ ಎರಡು ಕೆಲಸ ಮಾಡಿದವು: ಹಿಂದಿದ್ದವರನ್ನು ಮೆಣಸಿನ ದ್ರಾವಣದಿಂದ ಕಾದವು, ಎಸೆಯುವವರ ಮುಖವನ್ನೂ ಮರೆಮಾಡಿದವು.

ಸರಕಾರವು 1922ರ ತುರ್ತು ಶಾಸನವೊಂದನ್ನು ಹೊರತೆಗೆದು ಅಕ್ಟೋಬರ್ 5ರಿಂದ ಪ್ರತಿಭಟನೆಗಳಲ್ಲಿ ಮುಖ ಮುಚ್ಚಿಕೊಳ್ಳುವುದನ್ನು ನಿಷೇಧಿಸಿತು. ಮರುವರ್ಷವೇ ಕೊರೋನಾ ಬಂದು ಅದೇ ಸರಕಾರ ಮುಖ ಮುಚ್ಚಿಕೊಳ್ಳುವುದನ್ನು ಕಡ್ಡಾಯ ಮಾಡಬೇಕಾಯಿತು.

2019ರ ನವೆಂಬರ್ 13ರಂದು ಶೆಂಗ್ ಶುಯಿ ಎಂಬಲ್ಲಿ ಎರಡು ಗುಂಪುಗಳ ನಡುವೆ ಇಟ್ಟಿಗೆಗಳು ಹಾರಾಡಿದವು. ಊಟದ ವಿರಾಮದಲ್ಲಿದ್ದ 70 ವರ್ಷದ ಸ್ವಚ್ಛತಾ ಕಾರ್ಮಿಕನೊಬ್ಬನ ತಲೆಗೆ ಒಂದು ಬಡಿಯಿತು. ಮರುದಿನ ಆತ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟ. ಕವಚ ತೊಟ್ಟು ಬಂದವರ ಕಾಳಗದಲ್ಲಿ ಕವಚವಿಲ್ಲದೆ ನಿಂತಿದ್ದವನು ಆತ.

ಗೃಹಸ್ಥನಿಗೆ ವಿರೋಧಿ ಹಿಂಸೆ ಸಂಪೂರ್ಣವಾಗಿ ವರ್ಜ್ಯವಲ್ಲವೆಂದು, ಸಂಕಲ್ಪೀ ಹಿಂಸೆ ಮಾತ್ರ ಅವನಿಗೆ ಎಂದೂ ಸಲ್ಲದೆಂದು ಹಿರಿಯರು ಹೇಳಿದ್ದಾರೆ. ತನ್ನ ಕಣ್ಣು ತಲೆಗಳನ್ನು ಕಾಯ್ದುಕೊಳ್ಳುವುದು ಹಿಂಸೆಯೇ ಅಲ್ಲ; ಅದಕ್ಕೆ ವಿರೋಧಿ ಎಂಬ ಹೆಸರೂ ಬೇಕಿಲ್ಲ. ಕಷ್ಟವಿರುವುದು ಕೊಡುವವನಿಗೆ. ಹಾಂಗ್‌ಕಾಂಗ್‌ನಲ್ಲಿ ವರ್ತಕರೂ ಗೃಹಿಣಿಯರೂ ಕೊಡೆ, ಟೋಪಿ, ಕಣ್ಣು ತೊಳೆಯುವ ಲವಣಜಲಗಳನ್ನು ತಂದು ರಾಶಿ ಹಾಕುತ್ತಿದ್ದರು. ಮೈಲುದ್ದದ ಮನುಷ್ಯಸರಪಳಿಯಲ್ಲಿ ಅವು ಕೈಯಿಂದ ಕೈಗೆ ಸಾಗುತ್ತಿದ್ದವು. ಯಾವುದು ಬೇಕೆಂಬುದಕ್ಕೆ ಕೈಸನ್ನೆಗಳೇ ಇದ್ದವು. ನವೆಂಬರಿನಲ್ಲಿ ಅಂಥದೇ ಸರಪಳಿಗಳಲ್ಲಿ ಇಟ್ಟಿಗೆಗಳೂ ಸಾಗಿದವು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡಗಳ ಪೈಕಿ ಹಿಂಸಾದಾನವನ್ನು ವಿವರಿಸುವಾಗ ಖಡ್ಗದ ಜೊತೆಗೆ ಕೊಡಲಿ, ಗುದ್ದಲಿ, ಬೆಂಕಿಗಳನ್ನೂ ಎಣಿಸಿದ್ದಾರೆ. ಕೊಡಲಿಯೂ ಗುದ್ದಲಿಯೂ ಬೆಂಕಿಯೂ ಇಲ್ಲದ ಗೃಹಸ್ಥನ ಮನೆಯುಂಟೆ? ವಧೆಗೆ ಹೇತುವಾದಾಗ ಅವನ್ನು ಕೊಡಬಾರದೆಂಬುದು ಆಚಾರ್ಯರ ಆಶಯ. ಆದುದರಿಂದ ಅಂಗಡಿಯವನು ವಸ್ತುವಿನ ಹೆಸರನ್ನು ನೋಡಿ ನಿಶ್ಚಿಂತನಾಗಿರುವಂತಿಲ್ಲ. ಲವಣಜಲವನ್ನು ಯಾವ ಪಕ್ಷದವನ ಕಣ್ಣಿಗಾದರೂ ಕೊಡಬಹುದು. ಶಿರಸ್ತ್ರಾಣವನ್ನೂ ಕೊಡಬಹುದು, ಆದರೆ ಅದನ್ನು ಕೇಳುವವನ ಇನ್ನೊಂದು ಕೈಯಲ್ಲಿ ಏನಿದೆಯೆಂದು ನೋಡುವ ಹೊಣೆ ಕೊಡುವವನದು. ಖಾಲಿ ಶೀಷೆಗಳನ್ನು ನೂರುಗಟ್ಟಲೆ ಕೇಳಿದರೆ ಏಕೆಂದು ವಿಚಾರಿಸದೆ ಮಾರಿದವನು ಲಾಭದ ಜೊತೆಗೆ ಮತ್ತೊಂದು ಬಾಬನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡಂತೆ.

ಆ ತಿಂಗಳ 17ರಿಂದ ಪೊಲೀಸರು ಮುತ್ತಿಗೆ ಹಾಕಿದ್ದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಆವರಣವನ್ನು 29ರಂದು ತೆರೆಯಲಾಯಿತು. ಒಳಗೆ ದೊರೆತ ಅಗ್ನಿಶೀಷೆಗಳನ್ನು ಎಣಿಸಿದಾಗ ಅವು ಸುಮಾರು 4,000 ಇದ್ದವು. ಅಂಗಳದಲ್ಲಿ, ಮೆಟ್ಟಿಲುಗಳ ಮೇಲೆ, ಮಕ್ಕಳು ಬಿಟ್ಟುಹೋದ ಮುರಿದ ಕೊಡೆಗಳೂ ಮಳೆಯಂಗಿಗಳೂ ಈಜುಗನ್ನಡಕಗಳೂ ಬಿದ್ದಿದ್ದವು. ಅವನ್ನು ಯಾರೂ ಎಣಿಸಲಿಲ್ಲ.