ವಾರ್ಸಾದ ‘ಹಾರುವ ವಿಶ್ವವಿದ್ಯಾಲಯ’: ಪಾಠವಿತ್ತು, ಪದವಿಯಿರಲಿಲ್ಲ

1863ರ ಜನವರಿ ದಂಗೆಯನ್ನು ಹತ್ತಿಕ್ಕಿದ ಮೇಲೆ ರಷ್ಯಾದ ಝಾರ್ ಆಡಳಿತ ತಾನು ಆಳುತ್ತಿದ್ದ ಪೋಲೆಂಡಿನ ಭಾಗದ ವಿದ್ಯಾಸಂಸ್ಥೆಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ವಾರ್ಸಾದಲ್ಲಿ ಪೋಲಿಷ್ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡುತ್ತಿದ್ದ ಸಂಸ್ಥೆ 1869ರಲ್ಲಿ ಮುಚ್ಚಿ, ರಷ್ಯನ್ ಮಾಧ್ಯಮದ ಇಂಪೀರಿಯಲ್ ವಿಶ್ವವಿದ್ಯಾಲಯ ಬಂತು. ಪೋಲಿಷ್ ಹುಡುಗರಿಗೆ ಪರಭಾಷೆಯಲ್ಲಾದರೂ ಓದುವ ದಾರಿಯಿತ್ತು. ಹುಡುಗಿಯರಿಗೆ ಅದೂ ಇರಲಿಲ್ಲ.

1880ರ ದಶಕದ ಆರಂಭದಲ್ಲಿ ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಗುಟ್ಟಾಗಿ ಪಾಠ ಶುರುವಾಯಿತು. ಬಿಡಿಬಿಡಿಯಾಗಿದ್ದ ಈ ಗುಂಪುಗಳನ್ನು ದಶಕದ ನಡುಭಾಗದಲ್ಲಿ ಒಂದು ಸಂಸ್ಥೆಯಾಗಿ ಕಟ್ಟಿದವರು ಯಾದ್ವಿಗಾ ಶ್ಚಾವಿನ್‌ಸ್ಕಾ. ಪೊಲೀಸರ ಕಣ್ಣು ತಪ್ಪಿಸಲು ತರಗತಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತಿತ್ತು, ಅದಕ್ಕೇ ‘ಹಾರುವ ವಿಶ್ವವಿದ್ಯಾಲಯ’ ಎಂಬ ಹೆಸರು. ಈ ಸಾಹಸಕ್ಕಿಂತ ನನಗೆ ಹೆಚ್ಚಿನದೆನಿಸುವುದು ಅದರ ಅಚ್ಚುಕಟ್ಟು. ವಾರಕ್ಕೆ 8ರಿಂದ 11 ಗಂಟೆಗಳ ಪಾಠ, ಐದಾರು ವರ್ಷಗಳ ಪಠ್ಯಕ್ರಮ, ಸಮಾಜ ವಿಜ್ಞಾನದಿಂದ ನಿಸರ್ಗ ವಿಜ್ಞಾನದವರೆಗೆ ಬೇರೆಬೇರೆ ವಿಭಾಗಗಳು. ವಿದ್ಯಾರ್ಥಿನಿಯರು ತಿಂಗಳಿಗೆ ಕೆಲವೇ ರೂಬಲ್ ಶುಲ್ಕ ಕಟ್ಟುತ್ತಿದ್ದರು. ಅವರಿಗಾಗಿ ಶ್ಚಾವಿನ್‌ಸ್ಕಾ ಒಂದು ಗ್ರಂಥಾಲಯವನ್ನೂ ಬೆಳೆಸಿದರು. ಇತಿಹಾಸ ಹೇಳಿದವರು ತದೇವುಷ್ ಕೊರ್ಜೋನ್, ಸಮಾಜಶಾಸ್ತ್ರ ಹೇಳಿದವರು ಲುದ್ವಿಕ್ ಕ್ಷಿವಿತ್‌ಸ್ಕಿ. ಇಬ್ಬರೂ ಆ ಕಾಲದ ದೊಡ್ಡ ವಿದ್ವಾಂಸರು. ಸುಮಾರು 200 ಜನರಿಂದ ಆರಂಭವಾದದ್ದು 1890ರ ಹೊತ್ತಿಗೆ ಸಾವಿರದ ಹತ್ತಿರಕ್ಕೆ ಬೆಳೆದಿತ್ತು. ಗುಟ್ಟಿನ ಸಂಸ್ಥೆಯೊಂದು ಇಷ್ಟು ದೊಡ್ಡದಾಗಿ ಬೆಳೆದದ್ದು ಧೈರ್ಯದಷ್ಟೇ ಈ ಅಚ್ಚುಕಟ್ಟಿನಿಂದಲೂ ಎಂಬುದು ನನ್ನ ಅಭಿಪ್ರಾಯ.

ಆದರೆ ಅದರ ಕೈಯಲ್ಲಿ ಪದವಿ ಕೊಡುವ ಅಧಿಕಾರ ಇರಲಿಲ್ಲ. ಈ ಕೊರತೆಯ ಬೆಲೆ ಏನೆಂಬುದು ಅಲ್ಲಿ ಓದಿದ ಮಾರಿಯಾ ಸ್ಕ್ವೊದೊವ್‌ಸ್ಕಾ ಅವರ ಬದುಕಿನಲ್ಲಿ ಕಾಣುತ್ತದೆ. 1883ರಲ್ಲಿ ಚಿನ್ನದ ಪದಕದೊಂದಿಗೆ ಪ್ರೌಢಶಾಲೆ ಮುಗಿಸಿದ ಅವರು ಪ್ಯಾರಿಸ್ಸಿನ ಸೊರ್ಬಾನ್ ಸೇರಿದ್ದು 1891ರಲ್ಲಿ. ನಡುವಿನ ಎಂಟು ವರ್ಷ ಎಲ್ಲಿ ಹೋಯಿತು? ಅಕ್ಕ ಬ್ರೊನಿಸ್ವಾವಾ ಮೊದಲು ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ದುಡಿದು ಹಣ ಕಳಿಸುವುದು, ಆಮೇಲೆ ಅಕ್ಕ ತಂಗಿಯನ್ನು ಕರೆಸಿಕೊಳ್ಳುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅದಕ್ಕಾಗಿ ಮಾರಿಯಾ 1886ರಲ್ಲಿ ಶ್ಚೂಕಿ ಎಂಬ ಹಳ್ಳಿಯ ಸಿರಿವಂತರ ಮನೆಗೆ ಮಕ್ಕಳ ಶಿಕ್ಷಕಿಯಾಗಿ ಹೋದರು. ಗಣಿತ, ಭೌತಶಾಸ್ತ್ರವನ್ನು ರಾತ್ರಿ ಹೊತ್ತು ಒಬ್ಬರೇ ಕೂತು ಓದಿದರು. ಮೇರಿ ಕ್ಯೂರಿ ಎಂದು ಲೋಕಕ್ಕೆ ಪರಿಚಯವಾದವರು ಪ್ಯಾರಿಸ್ಸಿಗೆ ಹೋಗಿ ಓದು ಆರಂಭಿಸಲು ಬೇಕಾದ ಹಣವನ್ನು ಯಾವ ಸಂಸ್ಥೆಯೂ ಹೊಂದಿಸಿಕೊಡಲಿಲ್ಲ. ಆ ಭಾರವನ್ನು ಹೊತ್ತದ್ದು ಒಂದು ಕುಟುಂಬ. ಅಂಥ ಅಕ್ಕನಿಲ್ಲದ ಎಷ್ಟೋ ಹೆಣ್ಣುಮಕ್ಕಳ ಓದು ವಾರ್ಸಾದಲ್ಲೇ ಮುಗಿದಿರಬೇಕು. 1905ರ ಕ್ರಾಂತಿಯ ನಂತರ ಸಂಸ್ಥೆಗೆ ಕಾನೂನಿನ ಮಾನ್ಯತೆ ಸಿಕ್ಕಿತಾದರೂ ಮೊದಲ ತಲೆಮಾರಿಗೆ ಅದು ತಡವಾಗಿತ್ತು.

ಇಂದಿನ ಅಫ್ಘಾನಿಸ್ತಾನದ ಹೆಣ್ಣುಮಕ್ಕಳಿಗೆ ನೆರವಾಗುವವರು ಪಾಠಕ್ಕೂ ಪದವಿಗೂ ನಡುವಿನ ಈ ಅಂತರವನ್ನು ಗಮನಿಸಬೇಕು. ತಾಲಿಬಾನ್ ಆಡಳಿತ 2022ರ ಡಿಸೆಂಬರ್‌ನಲ್ಲಿ ಅವರಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು, 2024ರ ಡಿಸೆಂಬರ್‌ನಲ್ಲಿ ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿಯನ್ನೂ ನಿಲ್ಲಿಸಿತು. ಗುಟ್ಟಿನ ಮನೆಪಾಠಗಳಿವೆ, ಆನ್‌ಲೈನ್ ತರಗತಿಗಳಿವೆ. ಆದರೆ ಹೆರಿಗೆ ಮಾಡಿಸುವುದನ್ನು ಮೊಬೈಲ್ ನೋಡಿ ಕಲಿಯಲಾಗದು. ಅದಕ್ಕೆ ಆಸ್ಪತ್ರೆಯ ವಾರ್ಡೇ ಬೇಕು. ಹೊರದೇಶದ ವಿಶ್ವವಿದ್ಯಾಲಯಗಳು ಪಾಠದ ಜೊತೆಗೆ ಸೀಟು, ವೀಸಾ, ಪ್ರಯಾಣದ ಖರ್ಚು, ಮಾನ್ಯತೆಯುಳ್ಳ ಪದವಿ, ಇಷ್ಟನ್ನೂ ಕೊಟ್ಟಾಗ ಮಾತ್ರ ಆ ಹುಡುಗಿಯರಲ್ಲಿ ಕೆಲವರಾದರೂ ವೈದ್ಯೆಯರಾದಾರು.